ಕಲಿಸಿದ್ದು ಕೆಲಸಕ್ಕೆ ಬಂದಿತೇ?

ಕೆಲಸಕ್ಕೆ ಸೇರುವ ಮುನ್ನ ಪಡೆಯುವ ಶಿಕ್ಷಣ ಒಂದು ಬಗೆಯದು; ಕೆಲಸದಲ್ಲಿದ್ದುಕೊಂಡೇ ಪಡೆಯುವ ಶಿಕ್ಷಣ ಇನ್ನೊಂದು ಬಗೆಯದು. ಮೊದಲನೆಯದನ್ನು ಕುರಿತು ನಮ್ಮಲ್ಲಿ ಚರ್ಚೆ ಬೇಕಾದಷ್ಟು ನಡೆದಿದೆ. ಎರಡನೆಯದನ್ನು ಮಾತ್ರ 'ತರಬೇತಿ' ಎಂದು ಕರೆದು, ಒಂದು ಆದೇಶ, ಒಂದು ಸಭಾಂಗಣ, ಒಂದು ಹಾಜರಿ ಪುಸ್ತಕ, ಮಧ್ಯಾಹ್ನಕ್ಕೊಂದು ಊಟ, ಸಂಜೆಗೊಂದು ವಂದನಾರ್ಪಣೆ, ಇಷ್ಟರಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ತರಬೇತಿ ನಡೆಯಿತೇ ಎಂಬ ಪ್ರಶ್ನೆಗೆ ನಮ್ಮ ಕಚೇರಿಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. ತರಬೇತಿಯಲ್ಲಿ ಕಲಿಸಿದ್ದು ಕೆಲಸಕ್ಕೆ ಬಂದಿತೇ ಎಂದು ಕೇಳಿದರೆ ಉತ್ತರ ಕೊಡುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಆಡಬೇಕೆಂದಿದ್ದೇನೆ.

ಇದಕ್ಕೆ ನಿದರ್ಶನ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಭೀಮಾ, ಡೋಣಿ, ಕೃಷ್ಣಾ ನದಿಗಳ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಇಂಡಿಯಿಂದಾಗಲಿ ಸಿಂದಗಿಯಿಂದಾಗಲಿ ಜಿಲ್ಲಾ ಕೇಂದ್ರಕ್ಕೆ ಐವತ್ತು ಅರುವತ್ತು ಕಿಲೋಮೀಟರುಗಳ ದಾರಿ. ಮುದ್ದೇಬಿಹಾಳದಿಂದ ಇನ್ನೂ ಹೆಚ್ಚು. ಒಳನಾಡಿನ ಹಳ್ಳಿಯೊಂದರ ಶಿಕ್ಷಕರನ್ನು ಎರಡು ದಿನದ ತರಬೇತಿಗೆ ಕರೆಸಿದರೆ, ಆ ಶಾಲೆಗೆ ಅವರೊಬ್ಬರೇ ಶಿಕ್ಷಕರಾಗಿದ್ದ ಪಕ್ಷದಲ್ಲಿ, ಎರಡು ದಿನ ಶಾಲೆಗೆ ಬೀಗ ಬಿದ್ದಂತೆಯೇ. ಆಶಾ ಕಾರ್ಯಕರ್ತೆಯನ್ನು ಕರೆಸಿದರೆ ಆ ದಿನ ಬಾಣಂತಿಯ ಮನೆಗೆ ಹೋಗಬೇಕಾದವರು ಹೋಗಲಾರರು. ಅಂದರೆ ತರಬೇತಿಯ ವೆಚ್ಚವನ್ನು ಕೊಡುವವರು ಸರಕಾರದವರು ಮಾತ್ರವಲ್ಲ. ಮಗುವೂ ಬಾಣಂತಿಯೂ ಅದರ ಪಾಲನ್ನು ಕೊಡುತ್ತಾರೆ. ಆದುದರಿಂದ ಅದರ ಫಲವೇನೆಂದು ಕೇಳುವ ಹಕ್ಕು ಅವರಿಗೂ ಇದೆ.

ದೂರದಿಂದಲೇ ಕಲಿಸುವ ವಿಚಾರ ಈ ಸೀಮೆಗೆ ಹೊಸತಲ್ಲ. 1975ನೆಯ ಇಸವಿ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹದ ಮೂಲಕ ಶೈಕ್ಷಣಿಕ ದೂರದರ್ಶನದ ಮಹಾಪ್ರಯೋಗವೊಂದು ಆರಂಭವಾಯಿತು. 'ಸೈಟ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗ ಸರಿಯಾಗಿ ಒಂದು ವರ್ಷ ನಡೆಯಿತು. ಇದಕ್ಕೆ ತಳಹದಿಯಾದ ಒಪ್ಪಂದ 1969ರಲ್ಲಿಯೇ ಆಗಿತ್ತು. ಅದರ ಹಿಂದಿದ್ದ ವಿಕ್ರಮ್ ಸಾರಾಭಾಯಿ ಅವರು ಫಲವನ್ನು ಕಾಣುವ ಮುನ್ನವೇ 1971ರಲ್ಲಿ ತೀರಿಕೊಂಡರು. ಅಮೆರಿಕದಿಂದ ಎರವಲು ಬಂದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಇಪ್ಪತ್ತು ಜಿಲ್ಲೆಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳೆರಡೂ ಆಗ ಸೇರಿ ಬಿಜಾಪುರವೆನಿಸಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರು ಅಗಲದ ಬಟ್ಟಲಿನಾಕಾರದ ಆಂಟೆನಾ, ಅದರ ಪಕ್ಕದಲ್ಲೊಂದು ಪೆಟ್ಟಿಗೆ, ಅದರಲ್ಲಿ ಕನ್ನಡದ ಧ್ವನಿ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ.

ಈ ಪ್ರಯೋಗದ ಒಂದು ಭಾಗವನ್ನು ಇಂದು ಬಹುಮಂದಿ ಮರೆತಿದ್ದಾರೆ. 1975ರ ಅಕ್ಟೋಬರಿನಲ್ಲೊಮ್ಮೆ, 1976ರ ಬೇಸಿಗೆಯಲ್ಲಿ ಮತ್ತೊಮ್ಮೆ, ಹನ್ನೆರಡು ಹನ್ನೆರಡು ದಿನಗಳ ಶಿಕ್ಷಕರ ತರಬೇತಿ ಅದೇ ಉಪಗ್ರಹದ ಮೂಲಕ ನಡೆಯಿತು. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನವನ್ನು ಕಲಿಸುವ ಬಗೆಯೇ ಅದರ ವಿಷಯ. ಆರು ರಾಜ್ಯಗಳಲ್ಲಿ ಒಟ್ಟು ಸುಮಾರು 48,000 ಶಿಕ್ಷಕರು ಇದರಲ್ಲಿ ಪಾಲ್ಗೊಂಡರು. ಗಮನಿಸಬೇಕಾದುದು ಈ ತರಬೇತಿಯ ರಚನೆಯನ್ನು. ಇದನ್ನು ಯೋಜಿಸಿದವರು ದೂರದರ್ಶನವೊಂದನ್ನೇ ನಂಬಿ ಕೂರಲಿಲ್ಲ. ಪರದೆಯ ಮೇಲಿನ ಪಾಠದ ಜೊತೆಗೆ ರೇಡಿಯೋ ಪಾಠ, ಅಚ್ಚಾದ ಕೈಪಿಡಿ, ಸ್ವತಃ ಮಾಡಿನೋಡುವ ಚಟುವಟಿಕೆಗಳು, ಎದುರಿಗೆ ಕುಳಿತು ಚರ್ಚೆ ನಡೆಸಲು ಒಬ್ಬ ಮಾರ್ಗದರ್ಶಿ, ಹೀಗೆ ಹಲವು ಎಳೆಗಳನ್ನು ಹೊಸೆದು ಒಂದು ಹಗ್ಗ ಮಾಡಿದ್ದರು. ತೋರಿಸಬಲ್ಲದ್ದನ್ನು ಪರದೆ ತೋರಿಸಲಿ, ವಿವರಿಸಬಲ್ಲದ್ದನ್ನು ಪುಸ್ತಕ ವಿವರಿಸಲಿ, ಸಂದೇಹವನ್ನು ಮನುಷ್ಯ ಪರಿಹರಿಸಲಿ, ಕೈಗೆ ಬರಬೇಕಾದುದು ಕೈಯಿಂದಲೇ ಬರಲಿ ಎಂಬ ವಿವೇಕ ಅದರಲ್ಲಿತ್ತು. ಇಂದು 'ಮಿಶ್ರ ಕಲಿಕೆ' ಎಂಬ ಹೊಸ ಹೆಸರಿನಿಂದ ಮೆರೆಯುತ್ತಿರುವ ಪದ್ಧತಿ ಇದೇ ಅಲ್ಲವೇ?

ಸೈಟ್ ಪ್ರಯೋಗದ ಇನ್ನೊಂದು ಗುಣ, ಅದು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡದ್ದು. ಕಾರ್ಯಕ್ರಮ ಆರಂಭವಾಗುವ ಮುನ್ನ, ನಡೆಯುತ್ತಿರುವಾಗ, ಮುಗಿದ ಮೇಲೆ, ಮೂರು ಹಂತಗಳಲ್ಲಿಯೂ ಸಮೀಕ್ಷೆ ನಡೆಯಿತು. ಕೆಲವು ಹಳ್ಳಿಗಳಲ್ಲಿ ಸಮಾಜವಿಜ್ಞಾನದ ಸಂಶೋಧಕರು ತಿಂಗಳುಗಟ್ಟಲೆ ನೆಲೆಸಿ, ಜನ ಏನನ್ನು ನೋಡುತ್ತಾರೆ, ಏನನ್ನು ಬಿಡುತ್ತಾರೆ ಎಂಬುದನ್ನು ಬರೆದಿಟ್ಟರು. ಮೊದಮೊದಲು ಪೆಟ್ಟಿಗೆಯ ಮುಂದೆ ಊರಿಗೆ ಊರೇ ನೆರೆಯಿತು. ಕುತೂಹಲ ತಣಿದ ಮೇಲೆ ನೋಡುಗರ ಸಂಖ್ಯೆಯೂ ಇಳಿಯಿತು. ಮೊದಲ ದಿನದ ಜನಜಂಗುಳಿಯನ್ನು ಎಣಿಸಿ ಯಶಸ್ಸನ್ನು ಸಾರಿದ್ದರೆ ಈ ಸಂಗತಿ ತಿಳಿಯುತ್ತಿರಲಿಲ್ಲ. ತರಬೇತಿಯನ್ನು ಅಳೆಯುವವರಿಗೆ ಇದು ಮೊದಲ ಪಾಠ: ಅಳತೆಯ ಕೋಲು ತರಬೇತಿಗಿಂತ ಮೊದಲೇ ಸಿದ್ಧವಾಗಿರಬೇಕು. ಮೊದಲು ಎಷ್ಟಿತ್ತೆಂದು ತಿಳಿಯದೆ ಆಮೇಲೆ ಎಷ್ಟಾಯಿತೆಂದು ಹೇಳುವುದು ಹೇಗೆ?

ಈಗ ರಚನೆಯ ವಿಚಾರಕ್ಕೆ ಬರೋಣ. ತರಬೇತಿಯನ್ನು ಯೋಜಿಸುವವರು ಸಾಮಾನ್ಯವಾಗಿ ವಿಷಯಗಳ ಪಟ್ಟಿಯಿಂದ ಹೊರಡುತ್ತಾರೆ. ಹನ್ನೊಂದರಿಂದ ಹನ್ನೆರಡರವರೆಗೆ ಇದು, ಊಟದ ನಂತರ ಅದು. ಹೊರಡಬೇಕಾದುದು ಕೆಲಸದಿಂದ. ತರಬೇತಿಯಿಂದ ಹಿಂತಿರುಗಿದ ಮರುದಿನ ಈ ವ್ಯಕ್ತಿ ಹಿಂದೆ ಮಾಡದಿದ್ದ ಯಾವುದನ್ನು ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು, ಯಾವ ಸನ್ನಿವೇಶದಲ್ಲಿ ಮಾಡಬೇಕು? ಈ ಮೂರಕ್ಕೆ ಒಂದು ವಾಕ್ಯದಲ್ಲಿ ಉತ್ತರ ಬರೆಯಲಾಗದಿದ್ದರೆ ತರಬೇತಿಯ ದಿನಾಂಕವನ್ನು ಮುಂದಕ್ಕೆ ಹಾಕುವುದೇ ಲೇಸು.

ನಿದರ್ಶನಕ್ಕಾಗಿ ಆಶಾ ಕಾರ್ಯಕರ್ತೆಯರ ಕೆಲಸವನ್ನೇ ನೋಡಿ. ಮನೆಯಲ್ಲಿಯೇ ನವಜಾತ ಶಿಶುವಿನ ಆರೈಕೆ ಎಂಬ ಕಾರ್ಯಕ್ರಮ 2011ರಿಂದ ದೇಶದಲ್ಲಿ ನಡೆದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಆ ಮನೆಗೆ ಹೋಗಿ ಕೂಸನ್ನು ನೋಡಬೇಕು. ತೂಕ ಮಾಡಬೇಕು, ಮೈಯ ಶಾಖವನ್ನು ಅಳೆಯಬೇಕು, ಉಸಿರಾಟವನ್ನು ಎಣಿಸಬೇಕು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಅಪಾಯದ ಸೂಚನೆ. ಇಲ್ಲಿ ತರಬೇತಿಯ ಗುರಿ 'ನವಜಾತ ಶಿಶುವಿನ ಉಸಿರಾಟದ ಬಗ್ಗೆ ಅರಿವು ಮೂಡಿಸುವುದು' ಎಂದಾದರೆ ಅರಿವು ಮೂಡಿತೆಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. 'ಮಲಗಿರುವ ಕೂಸಿನ ಉಸಿರನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ತಪ್ಪಿಲ್ಲದೆ ಎಣಿಸಿ, 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸುವುದು' ಎಂದು ಬರೆದರೆ ಏನನ್ನು ಕಲಿಸಬೇಕು, ಏನನ್ನು ಪರೀಕ್ಷಿಸಬೇಕು ಎಂಬುದೆರಡೂ ಒಟ್ಟಿಗೆ ಸ್ಪಷ್ಟವಾಗುತ್ತವೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆಯ ಮಾತು. ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ ಎಂಬ ಅಮೆರಿಕದ ಇಬ್ಬರು ತಜ್ಞರು 1970ರಲ್ಲಿ ಒಂದು ಸರಳವಾದ ಪ್ರಶ್ನೆಯನ್ನು ಮುಂದಿಟ್ಟರು: ಈ ಮನುಷ್ಯನ ಪ್ರಾಣವೇ ಪಣವಾಗಿದ್ದರೆ ಆತ ಈ ಕೆಲಸವನ್ನು ಮಾಡಬಲ್ಲನೇ? ಬಲ್ಲನಾದರೆ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ಆಶಾ ಕಾರ್ಯಕರ್ತೆಗೆ ಎಣಿಸಲು ಬರುತ್ತದೆ, ಆದರೆ ಕೊಟ್ಟ ಗಡಿಯಾರ ಕೆಟ್ಟು ಆರು ತಿಂಗಳಾಗಿದೆ ಎಂದರೆ, ಬೇಕಾದುದು ತರಬೇತಿಯಲ್ಲ, ಗಡಿಯಾರ. ಶಿಕ್ಷಕರಿಗೆ ಪ್ರಯೋಗ ಮಾಡಿಸಲು ಬರುತ್ತದೆ, ಆದರೆ ಒಬ್ಬರೇ ಐದು ತರಗತಿಗಳನ್ನು ನೋಡಿಕೊಳ್ಳಬೇಕಾಗಿದೆ ಎಂದರೆ, ಬೇಕಾದುದು ಇನ್ನೊಬ್ಬ ಶಿಕ್ಷಕ. ಬೇರೆ ಕೊರತೆಗಳಿಗೆಲ್ಲ ತರಬೇತಿಯನ್ನೇ ಮದ್ದೆಂದು ಕುಡಿಸುವುದು, ಹೊಟ್ಟೆನೋವಿಗೆ ಕಣ್ಣಿಗೆ ಮದ್ದು ಹಾಕಿದಂತೆ. ಎಷ್ಟೋ ತರಬೇತಿಗಳು ವ್ಯರ್ಥವಾಗುವುದು ಕಲಿಸುವವರ ದೋಷದಿಂದಲ್ಲ. ಬೇಡದ ಜಾಗದಲ್ಲಿ ನಡೆದುದರಿಂದ.

ಕಲಿತದ್ದು ಮನಸ್ಸಿನಲ್ಲಿ ನಿಲ್ಲುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಮರೆವಿನ ಲೆಕ್ಕವನ್ನು ಮೊದಲು ಶಾಸ್ತ್ರೀಯವಾಗಿ ಇಟ್ಟವರು ಜರ್ಮನಿಯ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವರ ಅಧ್ಯಯನ, ಮರೆವು ಮೊದಲ ಗಂಟೆಗಳಲ್ಲಿಯೇ ಅತಿ ವೇಗವಾಗಿ ನಡೆಯುತ್ತದೆಂದು ತೋರಿಸಿತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಿಸಿದರು. ಅನಂತರ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದು: ಅವರಿಗೆ ಶೇಕಡ 81ರಷ್ಟು ನೆನಪು, ಬರೆದವರಿಗೆ 75. ಒಂದು ವಾರದ ಮೇಲೆ ಕೇಳಿದಾಗ ಲೆಕ್ಕ ತಿರುಗಿಬಿದ್ದಿತ್ತು: ಮತ್ತೆ ಓದಿದವರಿಗೆ ಶೇಕಡ 42, ನೆನಪಿನಿಂದ ಬರೆದವರಿಗೆ 56. ತರಬೇತಿಯ ಸಂಜೆಯೇ ಪರೀಕ್ಷೆ ಇಟ್ಟು ಸಂತೋಷಪಡುವವರು ಈ ಅಂಕಿಗಳನ್ನು ಗೋಡೆಗೆ ಬರೆದುಕೊಳ್ಳಬೇಕು. ಆ ಸಂಜೆ ಗೆದ್ದ ಪದ್ಧತಿ ವಾರದೊಳಗೆ ಸೋಲಬಹುದು. ಎರಡು ದಿನ ಎಡೆಬಿಡದೆ ಉಪನ್ಯಾಸ ಸುರಿಯುವುದಕ್ಕಿಂತ, ಅದೇ ಹೊತ್ತನ್ನು ಹಂಚಿ, ಹದಿನೈದು ದಿನಕ್ಕೊಮ್ಮೆ ಹಿಂದಿನದನ್ನು ಬಾಯಿಂದ ಹೇಳಿಸಿ, ಕೈಯಿಂದ ಮಾಡಿಸುವುದು ಫಲಕಾರಿ.

ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಇನ್ನೊಂದು ಪದ್ಧತಿ, ಮೆಟ್ಟಿಲು ಮೆಟ್ಟಿಲಾಗಿ ತರಬೇತಿಯನ್ನು ಇಳಿಸುವುದು. ರಾಜಧಾನಿಯಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯವರಿಗೆ, ಅವರಿಂದ ತಾಲ್ಲೂಕಿನವರಿಗೆ, ಕೊನೆಗೆ ಹಳ್ಳಿಯ ಶಿಕ್ಷಕರಿಗೆ. ಕೊಡದಿಂದ ಬಿಂದಿಗೆಗೆ, ಬಿಂದಿಗೆಯಿಂದ ತಂಬಿಗೆಗೆ ಸುರಿಯುವಾಗ ಪ್ರತಿಸಲವೂ ಒಂದಿಷ್ಟು ನೀರು ನೆಲದ ಪಾಲು; ಬಾಯಾರಿದವನು ಕುಳಿತಿರುವುದು ಕೊನೆಯ ತುದಿಯಲ್ಲಿ. ಈ ಸೋರಿಕೆಯನ್ನು ತಪ್ಪಿಸಲೆಂದೇ 1996ರ ಜನವರಿಯಲ್ಲಿ ಕರ್ನಾಟಕದಲ್ಲಿ ಇನ್ನೊಂದು ಉಪಗ್ರಹ ಪ್ರಯೋಗ ನಡೆಯಿತು. ರಾಜ್ಯದ ಇಪ್ಪತ್ತು ಕೇಂದ್ರಗಳಲ್ಲಿ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಿಕ್ಷಕರು ಒಂದು ವಾರ ಏಕಕಾಲಕ್ಕೆ ಪಾಠ ಕೇಳಿದರು. ಚಿತ್ರ ಒಂದೇ ಕಡೆಯಿಂದ ಬರುತ್ತಿತ್ತು. ಧ್ವನಿ ಮಾತ್ರ ಎರಡು ಕಡೆಯಿಂದಲೂ. ಶಿಕ್ಷಕರು ತಮ್ಮ ಸಂದೇಹವನ್ನು ನೇರವಾಗಿ ತಜ್ಞರನ್ನೇ ಕೇಳಬಹುದಾಗಿತ್ತು. ಕೇಳುವವನಿಗೆ ಬಾಯಿ ಕೊಟ್ಟದ್ದು ಸೈಟ್ ಪ್ರಯೋಗಕ್ಕಿಂತ ಮುಂದಿನ ಹೆಜ್ಜೆ.

ಈಗ ಆ ಪರದೆ ಅಂಗೈಗೇ ಬಂದಿದೆ. ಶಿಕ್ಷಕರಿಗಾಗಿ 'ದೀಕ್ಷಾ' ಎಂಬ ವೇದಿಕೆ 2017ರಲ್ಲಿ ಆರಂಭವಾಯಿತು. 2019ರಲ್ಲಿ ಎದುರುಬದುರು ತರಬೇತಿಯಾಗಿ ಹೊರಟ 'ನಿಷ್ಠಾ' ಕಾರ್ಯಕ್ರಮ, ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಿಂದ, ದೀಕ್ಷಾ ವೇದಿಕೆಯ ಮೂಲಕ ಆನ್‌ಲೈನ್ ರೂಪ ತಾಳಿತು. ಇದರಿಂದಾದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಮುದ್ದೇಬಿಹಾಳದ ಹಳ್ಳಿಯಿಂದ ಬಸ್ಸು ಹತ್ತಬೇಕಾಗಿಲ್ಲ. ಶಾಲೆಗೆ ಬೀಗ ಬೀಳುವುದಿಲ್ಲ. ಅರ್ಥವಾಗದ ಭಾಗವನ್ನು ಹತ್ತು ಸಲ ನೋಡಬಹುದು. ಆದರೆ ಇದಕ್ಕೊಂದು ಹೊಸ ರೋಗವೂ ಅಂಟಿಕೊಂಡಿದೆ. ವಿಡಿಯೋ ತನ್ನಷ್ಟಕ್ಕೆ ಓಡುತ್ತಿದ್ದರೆ, ನೋಡುವವರು ಒಲೆಯ ಮುಂದಿದ್ದರೂ ಹೊಲದಲ್ಲಿದ್ದರೂ, ಕೊನೆಯಲ್ಲಿ ಪ್ರಮಾಣಪತ್ರ ಬರಬಹುದು. ಹಿಂದೆ ಹಾಜರಿ ಪುಸ್ತಕ ಮಾಡುತ್ತಿದ್ದ ಮೋಸವನ್ನು ಈಗ ಪರದೆ ಮಾಡುತ್ತದೆ. ಎಷ್ಟು ಮಂದಿ ಮುಗಿಸಿದರು ಎಂಬ ಸಂಖ್ಯೆ ಎಷ್ಟು ಮಂದಿ ಕಲಿತರು ಎಂಬುದಕ್ಕೆ ಉತ್ತರವಾಗಲಾರದು.

ಹಾಗಾದರೆ ಆನ್‌ಲೈನ್ ಕಲಿಕೆ ಮೇಲೋ, ಎದುರುಬದುರಿನ ಕಲಿಕೆ ಮೇಲೋ? ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡಿತು. ಎರಡನ್ನೂ ಬೆರೆಸಿದ ಕಡೆ ಫಲ ಹೆಚ್ಚಾಗಿ ಕಂಡಿತು. ಆದರೆ ಅಲ್ಲಿ ಕಲಿಯುವವರಿಗೆ ದೊರೆತ ಸಮಯವೂ ಸಾಮಗ್ರಿಯೂ ಹೆಚ್ಚಾಗಿದ್ದವು; ಆದುದರಿಂದ ಫಲವನ್ನು ಮಾಧ್ಯಮದ ಖಾತೆಗೇ ಬರೆಯಬೇಡಿ ಎಂದು ವರದಿಯೇ ಎಚ್ಚರಿಸಿತು. ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು 1983ರಲ್ಲಿಯೇ ಈ ತತ್ತ್ವವನ್ನು ಹೇಳಿದ್ದರು: ಮಾಧ್ಯಮವೆಂಬುದು ದಿನಸಿಯನ್ನು ಹೊತ್ತುತರುವ ವಾಹನ, ಮೈಗೆ ಪುಷ್ಟಿ ಕೊಡುವುದು ದಿನಸಿ, ವಾಹನವಲ್ಲ.

ಆದರೂ ಯಾವ ಸರಕಿಗೆ ಯಾವ ವಾಹನ ಎಂಬ ವಿವೇಚನೆ ಬೇಕೇ ಬೇಕು. ಕೂಸಿನ ಉಸಿರನ್ನು ಎಣಿಸುವುದನ್ನು ಕಲಿಸಲು ವಿಡಿಯೋಗಿಂತ ಒಳ್ಳೆಯ ಸಾಧನವಿಲ್ಲ. ಸಭಾಂಗಣದಲ್ಲಿ ಐವತ್ತು ಮಂದಿಗೆ ಒಂದೇ ಕೂಸನ್ನು ತೋರಿಸಲಾಗದು; ಮೊಬೈಲಿನಲ್ಲಿ ಹತ್ತು ಕೂಸುಗಳ ಉಸಿರನ್ನು ಒಂದೊಂದು ನಿಮಿಷ ತೋರಿಸಿ, ಎಣಿಸಲು ಹೇಳಿ, ಸರಿಯಾದ ಸಂಖ್ಯೆಯನ್ನು ಆ ಕ್ಷಣವೇ ತಿಳಿಸಬಹುದು. ಇದು ಒಳ್ಳೆಯ ಆನ್‌ಲೈನ್ ಪಾಠದ ಲಕ್ಷಣ: ಪಾಠ ಚಿಕ್ಕದು, ನಡುವೆ ನಿಂತು ಪ್ರಶ್ನೆ ಕೇಳುತ್ತದೆ, ತಪ್ಪನ್ನು ಆಗಲೇ ತಿದ್ದುತ್ತದೆ, ಕಲಿಯುವವರು ಮನೆಯಲ್ಲಾಡುವ ಮಾತಿಗೆ ಹತ್ತಿರವಾದ ಕನ್ನಡದಲ್ಲಿರುತ್ತದೆ. ಆದರೆ ಅಳುವ ಕೂಸನ್ನು ಸಮಾಧಾನಪಡಿಸಿ ತಕ್ಕಡಿಗೆ ಏರಿಸುವುದು, ಹಿಂಜರಿಯುವ ಅತ್ತೆಯನ್ನು ಒಪ್ಪಿಸಿ ಆಸ್ಪತ್ರೆಗೆ ಹೊರಡಿಸುವುದು ಪರದೆಯಿಂದ ಬಾರದ ವಿದ್ಯೆ. ಅದಕ್ಕೆ ಅನುಭವಿಯೊಬ್ಬರು ಜೊತೆಯಲ್ಲಿ ಮನೆಯೊಳಕ್ಕೆ ಬರಬೇಕು.

ಇನ್ನು ಮೌಲ್ಯಮಾಪನ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959 ಮತ್ತು 1960ರಲ್ಲಿ ಬರೆದ ಲೇಖನಗಳಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಕಟ್ಟಿಕೊಟ್ಟರು. ಬಂದವರಿಗೆ ತರಬೇತಿ ಹಿಡಿಸಿತೇ? ಅವರು ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ? ಬಳಸಿದ್ದರಿಂದ ಫಲ ದೊರೆಯಿತೇ? ನಮ್ಮ ಬಹುಪಾಲು ವರದಿಗಳು ಮೊದಲ ಮೆಟ್ಟಿಲಿನಲ್ಲಿಯೇ ದಣಿದು ಕುಳಿತುಬಿಡುತ್ತವೆ. ಅಭಿಪ್ರಾಯ ಪತ್ರದಲ್ಲಿ 'ತರಬೇತಿ ಬಹಳ ಉಪಯುಕ್ತವಾಗಿತ್ತು' ಎಂದು ಬರೆಯುವುದು ನಮ್ಮಲ್ಲಿ ಸೌಜನ್ಯದ ಮಾತು. ಉಂಡ ಮನೆಯಲ್ಲಿ ಅಡಿಗೆಯ ದೋಷ ಹೇಳುವ ಪದ್ಧತಿ ನಮ್ಮದಲ್ಲ. ಎರಡನೆಯ ಮೆಟ್ಟಿಲಿಗೆ ತರಬೇತಿಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ತಿಂಗಳು ಕಳೆದು ಮತ್ತೊಮ್ಮೆ ಪರೀಕ್ಷೆ ಬೇಕು. ಮೂರನೆಯದಕ್ಕೆ ಯಾರಾದರೂ ಕೆಲಸದ ಜಾಗಕ್ಕೇ ಹೋಗಿ ಕಣ್ಣಾರೆ ನೋಡಬೇಕು. ಹೋದವರು ತಪಾಸಣೆಗೆ ಬಂದ ಅಧಿಕಾರಿಯಂತೆ ಕಾಣಿಸಿಕೊಂಡರೆ ನಿಜವಾದ ಕೆಲಸ ಕಣ್ಣಿಗೆ ಬೀಳದು.

ನಾಲ್ಕನೆಯ ಮೆಟ್ಟಿಲು ಎಲ್ಲಕ್ಕಿಂತ ಕಡಿದು. ಇಂಡಿಯ ನಿಂಬೆಯನ್ನು ನೋಡಿ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಹಣ್ಣಿಗೆ ಬೇಸಿಗೆಯಲ್ಲಿ ಬೆಲೆ ಹೆಚ್ಚು. ಸೆಪ್ಟೆಂಬರು ಅಕ್ಟೋಬರಿನಲ್ಲಿ ಗಿಡ ಹೂಬಿಡುವಂತೆ ನೋಡಿಕೊಂಡರೆ ಏಪ್ರಿಲ್ ಮೇ ತಿಂಗಳಿಗೆ ಕಾಯಿ ಕೈಗೆ ಬರುತ್ತದೆ. ಇದಕ್ಕೆ ಹಸ್ತ ಬಹಾರವೆಂದು ಹೆಸರು. ಇದನ್ನು ರೈತರಿಗೆ ಕಲಿಸಿದೆವು, ಮರುವರ್ಷ ಅವರ ಆದಾಯ ಹೆಚ್ಚಿತು ಎನ್ನೋಣ. ಅದು ತರಬೇತಿಯ ಫಲವೋ, ಮಳೆಯ ಕೃಪೆಯೋ, ಪೇಟೆಯ ಏರಿಕೆಯೋ? ತರಬೇತಿ ಪಡೆಯದ ನೆರೆಯ ತೋಟಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡದೆ ಹೇಳಲಾಗದು. 1974ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು ಸ್ಥಾಪನೆಯಾದಂದಿನಿಂದ ಕೃಷಿ ವಿಜ್ಞಾನ ಕೇಂದ್ರಗಳು 'ಮಾಡಿ ಕಲಿ' ಎಂಬ ಸೂತ್ರವನ್ನು ಹಿಡಿದು, ರೈತನ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ ನಡೆಸುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ಪಕ್ಕದ ಪಟ್ಟಿಯೇ ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.

ಈ ನಾಲ್ಕನೆಯ ಮೆಟ್ಟಿಲನ್ನು ಸಮರ್ಥವಾಗಿ ಹತ್ತಿದ ಉದಾಹರಣೆ ನಮ್ಮ ನೆರೆಯ ಮಹಾರಾಷ್ಟ್ರದಲ್ಲಿದೆ. ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯ ಅಭಯ ಬಂಗ ಮತ್ತು ಅವರ ಸಂಗಡಿಗರು ಹೆಚ್ಚು ಓದದ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆಯನ್ನು ಕಲಿಸಿದರು. 39 ಹಳ್ಳಿಗಳಲ್ಲಿ ಈ ಆರೈಕೆ ನಡೆಯಿತು. ಹೋಲಿಕೆಗೆಂದು 47 ಹಳ್ಳಿಗಳ ಜನನ ಮರಣಗಳನ್ನೂ ಬರೆದಿಟ್ಟರು. ಮೂರನೆಯ ವರ್ಷದ ಹೊತ್ತಿಗೆ, ಹೋಲಿಕೆಯ ಹಳ್ಳಿಗಳೊಂದಿಗೆ ತೂಗಿದಾಗ, ನವಜಾತ ಶಿಶುಗಳ ಮರಣ ಪ್ರಮಾಣ ಶೇಕಡ 62ರಷ್ಟು ಇಳಿದಿತ್ತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಲೆಕ್ಕ ಪ್ರಕಟವಾಯಿತು. ಇಂದು ಸಿಂದಗಿಯ ಆಶಾ ಕಾರ್ಯಕರ್ತೆ ಗಡಿಯಾರ ಹಿಡಿದು ಕೂಸಿನ ಉಸಿರನ್ನು ಎಣಿಸುವ ಪದ್ಧತಿಯ ಬೇರು ಅಲ್ಲಿದೆ. ಲೆಕ್ಕವಿಟ್ಟಿರದಿದ್ದರೆ ಅದು ಒಂದು ಜಿಲ್ಲೆಯ ಸತ್ಕಾರ್ಯವಾಗಿ ಉಳಿಯುತ್ತಿತ್ತು. ಲೆಕ್ಕವಿಟ್ಟುದರಿಂದ ದೇಶದ ಕಾರ್ಯಕ್ರಮಕ್ಕೆ ಆಧಾರವಾಯಿತು. ಮೌಲ್ಯಮಾಪನವೆಂದರೆ ತಪ್ಪು ಹುಡುಕುವ ಕೆಲಸವೆಂದು ಮುಖ ಸಿಂಡರಿಸುವವರು ಇದನ್ನು ನೆನೆಯಬೇಕು.

ಎಲ್ಲ ತರಬೇತಿಗೂ ಇಷ್ಟು ದೊಡ್ಡ ಅಧ್ಯಯನ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಸವನ ಬಾಗೇವಾಡಿಯ ಒಂದು ಸಹಕಾರಿ ಸಂಘ ತನ್ನ ಗುಮಾಸ್ತರಿಗೆ ಹೊಸ ಲೆಕ್ಕಪದ್ಧತಿಯನ್ನು ಕಲಿಸುವಾಗ, ಹಿಂದಿನ ಮೂರು ತಿಂಗಳಲ್ಲಿ ಎಷ್ಟು ತಪ್ಪು ನಮೂದುಗಳಾಗಿದ್ದವು, ಮುಂದಿನ ಮೂರು ತಿಂಗಳಲ್ಲಿ ಎಷ್ಟಾದವು ಎಂದು ಎಣಿಸಿದರೆ ಸಾಕು. ಶಿಕ್ಷಕರ ತರಬೇತಿ ಮುಗಿದು ಎರಡು ತಿಂಗಳಾದ ಮೇಲೆ ಐದು ಶಾಲೆಗಳಿಗೆ ಹೋಗಿ ಒಂದೊಂದು ಪಾಠ ನೋಡಿದರೆ ಸಾಕು. ಅದಕ್ಕೆ ತಗಲುವುದು ಒಂದು ನೋಟುಬುಕ್ಕು, ಒಂದಿಷ್ಟು ಸಹನೆ, ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ. ಫಲ ದೊರೆಯಲಿಲ್ಲವೆಂದು ತಿಳಿದರೆ ಅದೂ ಲಾಭವೇ. ಅದೇ ತರಬೇತಿಯನ್ನು ಮುಂದಿನ ವರ್ಷ ಮತ್ತೆ ನಡೆಸುವ ಖರ್ಚು ಉಳಿಯುತ್ತದೆ, ಶಾಲೆಯ ಬಾಗಿಲು ಎರಡು ದಿನ ತೆರೆದಿರುತ್ತದೆ.

'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಈ ಸೀಮೆಯದು. ಹೊಳೆ ಹರಿದುದರಿಂದಲೇ ಓಣಿಯಲ್ಲಿ ಜೋಳ ತುಂಬುವುದಿಲ್ಲವೆಂಬುದು ಈ ಗಾದೆಯನ್ನು ಕಟ್ಟಿದ ಒಕ್ಕಲಿಗನಿಗೆ ಗೊತ್ತಿಲ್ಲದ ಮಾತಲ್ಲ. ಹಸಿ ಹಿಡಿದಿಡುವ ಎರೆನೆಲ, ಹದವರಿತ ಬಿತ್ತನೆ, ಕಾಲಕ್ಕೆ ಸರಿಯಾದ ಎಡೆ, ಎಲ್ಲ ಕೂಡಿದರೆ ರಾಶಿ. ರಾಶಿಯಾದ ಮೇಲೆ ಅವನು ಅಳೆಯದೆ ಬಿಡುವುದೂ ಇಲ್ಲ. ಇಂದು ಜ್ಞಾನದ ಹೊಳೆ ಪ್ರತಿಯೊಬ್ಬರ ಅಂಗೈಯಲ್ಲಿ ಹರಿಯುತ್ತಿದೆ. ನೆಲವನ್ನು ಹದಮಾಡಿ ಬಿತ್ತುವ ಕೆಲಸವೂ, ಬಂದ ರಾಶಿಯನ್ನು ಪ್ರಾಮಾಣಿಕವಾಗಿ ಅಳೆಯುವ ಕೆಲಸವೂ ತರಬೇತಿ ಕೊಡುವವರ ಪಾಲಿಗೆ ಉಳಿದಿವೆ.